ಅಪ್‌ಡೇಟ್: ಕೆಚ್ಚಲು ಬಾವಿಗೆ ಲೋಳೆಸರದ ಲೇಪ

ದನದ ಒಂದು ಮೊಲೆ ಗಟ್ಟಿಯಾಗಿ ಹಾಲು ಒಡೆದು ಬರುತ್ತಿದೆ, ಲೇಪದ ಅಳತೆ ಏನು ಅಂತ ಕೇಳಿದ್ದೆ. ಅಳತೆ ಇದು: ಲೋಳೆಸರ 250 ಗ್ರಾಂ (ಸಿಪ್ಪೆ ಸಮೇತ), ಅರಸಿನ ಪುಡಿ 50, ವೀಳ್ಯದೆಲೆಯ ಸುಣ್ಣ 15 ಗ್ರಾಂ. ಒಟ್ಟಿಗೆ ರುಬ್ಬಿದರೆ ಕೆಂಪಾಗುತ್ತದೆ. ಮೊದಲ ದಿನ ದಪ್ಪಗೆ ಮೆತ್ತಿದ್ದು ಒಣಗಿ ಉದುರಿತು. ಒಂದು ಹಿಡಿಗೆ 150-200 ಮಿ.ಲೀ. ನೀರು ಸೇರಿಸಿ ತೆಳ್ಳಗೆ ಮಾಡಬೇಕು. ಪ್ರತಿ ಸಲ ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು, ದಿನಕ್ಕೆ 8-10 ಸಲ, 5 ದಿನ ಹಚ್ಚಬೇಕು. ಹಿಂಡದೆ ಹಚ್ಚಿದರೆ ಕೆಟ್ಟ ಹಾಲು ಒಳಗೇ ಉಳಿಯುತ್ತದೆ. ಜೊತೆಗೆ ದಿನಕ್ಕೆರಡು ಹೊತ್ತು ಎರಡೆರಡು ಲಿಂಬೆ ತಿನ್ನಿಸಿದ್ದು, 3 ದಿನ. ಈಗ ಬಾವು ಇಳಿದಿದೆ, ಹಾಲಿನಲ್ಲಿ ಗಡ್ಡೆ ಇಲ್ಲ. ಜ್ವರ ಬಂದು ಮೇವು ಬಿಟ್ಟರೆ ಮಾತ್ರ ಲೇಪ ನಂಬಿ ಕೂರಬೇಡಿ, ಅದೇ ದಿನ ಪಶುವೈದ್ಯರನ್ನು ಕರೆಸಿ.