ಸಹಾಯ ಬೇಕು: ಅಮ್ಮನಿಗೆ ಮತ್ತೆ ಕೋವಿಡ್, ಹಾಸನದಲ್ಲಿ ಔಷಧಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ರ ಇದ್ದೀವಿ. ಅಮ್ಮನಿಗೆ 68, ಶುಗರ್ ಇದೆ. ನಿನ್ನೆಯಿಂದ ಜ್ವರ, ಕೆಮ್ಮು. ಕೋವಿಡ್ ಟೆಸ್ಟ್ ಕಿಟ್‌ನಲ್ಲಿ ಎರಡನೇ ಗೆರೆ ದಪ್ಪಗೆ ಎದ್ದಿದೆ, ಅಂದ್ರೆ ಪಾಸಿಟಿವ್. 2021ರಲ್ಲೂ ಬಂದಿತ್ತು, ಆಮೇಲೆ ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದು ನಿಂತೇ ಇಲ್ಲ. ಕ್ಲಿನಿಕ್‌ನಲ್ಲಿ ‘ಈಗೆಲ್ಲಿಯ ಕೋವಿಡ್ಡು, ಮಳೆಗಾಲದ ಶೀತ’ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ರು. 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಗಿಸಿದ್ದು ತುರ್ತುಸ್ಥಿತಿಯನ್ನ, ರೋಗವನ್ನಲ್ಲ ಮಾರಾಯ್ರೇ!

ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಅನ್ನೋ ಕೋವಿಡ್ ವೈರಸ್ ತಡೆಯೋ ಮಾತ್ರೆಯನ್ನ ಲಕ್ಷಣ ಶುರುವಾದ 5 ದಿನದೊಳಗೆ ಶುರು ಮಾಡ್ಬೇಕು. ಹಾಸನದಲ್ಲಿ ಇದನ್ನ ಬರೆದುಕೊಡೋ ಫಿಸಿಷಿಯನ್, ಇಟ್ಟಿರೋ ಮೆಡಿಕಲ್ ಶಾಪ್ ಗೊತ್ತಿದ್ರೆ ದಯವಿಟ್ಟು ಹೇಳಿ. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಾರೆ, ಜೊತೆಗೆ ಆಗಲ್ವಂತೆ, ಹಾಗಾಗಿ ಡಾಕ್ಟರ್ ನೋಡ್ಲೇಬೇಕು. ಆಕ್ಸಿಮೀಟರ್ ಸದ್ಯಕ್ಕೆ 96 ತೋರಿಸ್ತಿದೆ. ಕಷಾಯದ ಸಲಹೆ ಬೇಡ, ಅತ್ತೆ ಆಗಲೇ ಒಂದು ಪಾತ್ರೆ ಕಾಯಿಸಿಟ್ಟಿದ್ದಾರೆ.