ಕ್ಲಾಸಿನ ಮೀನು ಸತ್ತಿದೆ, ಸೋಮವಾರ ಮಕ್ಕಳಿಗೆ ಏನು ಹೇಳಲಿ?

ಯುಕೆಜಿ ಮಿಸ್:
ನಮ್ಮ ಕ್ಲಾಸಿನಲ್ಲಿ ಒಂದು ಗೋಲ್ಡ್ ಫಿಶ್ ಇತ್ತು. ಹೆಸರು ಚಿನ್ನು, ಇಟ್ಟಿದ್ದು ಮಕ್ಕಳೇ. ನಿನ್ನೆ ಶನಿವಾರ ಬೀಗ ಹಾಕುವಾಗ ನೋಡಿದರೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಒಟ್ಟು 22 ಮಕ್ಕಳು, ಎಲ್ಲರಿಗೂ ಐದರ ಆಸುಪಾಸು. ಆಯಾ "ಅಂಥದ್ದೇ ಇನ್ನೊಂದು ತಂದು ಬಿಡಿ ಮಿಸ್, ಅವಕ್ಕೇನು ಗೊತ್ತಾಗುತ್ತೆ" ಅಂದರು. ಪಕ್ಕದ ಕ್ಲಾಸಿನವರು "ದೇವರ ಹತ್ತಿರ ಹೋಯ್ತು ಅನ್ನಿ, ಮುಗೀತು" ಅಂದರು. ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ. ಮೀನನ್ನು ಡಬ್ಬಿಯಲ್ಲಿ ಹಾಕಿ ಮನೆಯ ಫ್ರೀಜರಿನಲ್ಲಿ ಇಟ್ಟಿದ್ದೇನೆ (ಅತ್ತೆಗೆ ಇನ್ನೂ ಹೇಳಿಲ್ಲ).

ಇಬ್ಬರು ಮಕ್ಕಳ ಅಮ್ಮ:
ಮೀನು ಬದಲಾಯಿಸಬೇಡಿ. ನಾವು ಮಾಡಿದ್ದೆವು, ಬಾಲದ ಬಿಳಿ ಮಚ್ಚೆ ಇಲ್ಲ ಅಂತ ಮಗಳು ಐದೇ ನಿಮಿಷದಲ್ಲಿ ಹಿಡಿದಳು, ಆಮೇಲೆ ಎಷ್ಟೋ ದಿನ ನಾನು ಏನು ಹೇಳಿದರೂ "ನಿಜಾನಾ?" ಅನ್ನುತ್ತಿದ್ದಳು. "ಮಲಗಿದೆ" ಅಂತಲೂ ಹೇಳಬೇಡಿ. ತಾತ ಹೋದಾಗ ಮಗನಿಗೆ ಹಾಗೆ ಹೇಳಿ, ಅವನು ರಾತ್ರಿ ಮಲಗುವುದಕ್ಕೇ ಹೆದರಿಬಿಟ್ಟ.

ಹಳೇ ನರ್ಸರಿ ಟೀಚರ್:
"ಸತ್ತುಹೋಯ್ತು" ಅಂತಲೇ ಹೇಳಿ. ಇನ್ನು ಉಸಿರಾಡುವುದಿಲ್ಲ, ಈಜುವುದಿಲ್ಲ, ಹಸಿವಾಗುವುದಿಲ್ಲ, ನೋವೂ ಆಗುವುದಿಲ್ಲ, ಅಷ್ಟು ಸಾಕು. ಈ ವಯಸ್ಸಿನಲ್ಲಿ ತುಂಬಾ ಮಕ್ಕಳಿಗೆ ಸತ್ತದ್ದು ವಾಪಸ್ ಬರುವುದಿಲ್ಲ ಅನ್ನುವುದು ಇನ್ನೂ ತಲೆಗೆ ಹತ್ತಿರುವುದಿಲ್ಲ, ಹಾಗಾಗಿ "ನಾಳೆ ಬರುತ್ತಾ?" ಅಂತ ಹತ್ತು ಸಲ ಕೇಳುತ್ತಾರೆ, ಹತ್ತು ಸಲವೂ ಅದೇ ಉತ್ತರ ಕೊಡಿ. ಅಳದೆ ಸೀದಾ ಟಿಫಿನ್ ಬಾಕ್ಸ್ ತೆಗೆಯುವ ಮಗುವನ್ನು ಬೈಯಬೇಡಿ. ಸುಮ್ನೆ ಕೂತವರ ಮೇಲೆ ಜಾಸ್ತಿ ಕಣ್ಣಿಡಿ, "ನಾನು ಗಾಜು ತಟ್ಟಿದ್ದಕ್ಕೇ ಸತ್ತಿತಾ" ಅಂತ ಒಳಗೊಳಗೇ ಕೊರಗುವ ಒಬ್ಬರಾದರೂ ಇರುತ್ತಾರೆ. ಅಪ್ಪ ಅಮ್ಮಂದಿರಿಗೆ ಇವತ್ತೇ ಮೆಸೇಜ್ ಹಾಕಿ. ಇತ್ತೀಚೆಗೆ ಅಜ್ಜಿಯನ್ನು ಕಳೆದುಕೊಂಡ ಮಗು ಇದ್ದರೆ ನಿಮಗೆ ಮುಂಚೆಯೇ ಗೊತ್ತಿರಬೇಕು, ಅಲ್ವಾ? ಸ್ವರ್ಗ, ಮರುಜನ್ಮ ಅಂತ ಮಕ್ಕಳೇ ತೆಗೆದರೆ "ನಿಮ್ಮ ಮನೇಲಿ ಹಾಗೆ ಹೇಳ್ತಾರಾ" ಅಂತ ಕೇಳಿಸಿಕೊಳ್ಳಿ, ವಾದ ಬೇಡ.

ಮೀನಿನ ಹುಚ್ಚು:
ಗಾಜಿನ ಬೌಲಿನಲ್ಲಿ ಇಟ್ಟಿದ್ದಿರಾ? ಚೆನ್ನಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತು ವರ್ಷ ಬದುಕುತ್ತದೆ, ಹಾಗಾಗಿ "ವಯಸ್ಸಾಗಿತ್ತು" ಅಂತ ಸುಳ್ಳು ಹೇಳಬೇಡಿ. 22 ಜನ ಒಂದೊಂದು ಚಿಟಿಕೆ ಹಾಕಿದರೆ ಉಳಿದ ತಿಂಡಿ ಕೊಳೆತು ನೀರಲ್ಲಿ ಅಮೋನಿಯಾ ಏರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬೇರೆ. ನಿಮ್ಮಲ್ಲೂ ಹೀಗೇ ಆಗಿದ್ದರೆ "ನೀರು ಕೆಟ್ಟಿತ್ತು, ನೋಡಿಕೊಳ್ಳಬೇಕಾದವಳು ನಾನು" ಅಂದುಬಿಡಿ. ತಪ್ಪು ಮಕ್ಕಳ ತಲೆಗೆ ಬರಬಾರದು.

ಯುಕೆಜಿ ಮಿಸ್:
ಬೌಲೇ. ಓದಿ ಹೊಟ್ಟೆ ಚುರುಕ್ ಅಂತು.
ಸೋಮವಾರ ಹೇಳಿದೆ. ಇಬ್ಬರು ಅತ್ತರು, ಒಬ್ಬ "ಫ್ರೀಜರಲ್ಲಿ ಚಿನ್ನುಗೆ ಚಳಿ ಆಗ್ಲಿಲ್ವಾ" ಅಂದ, ನಾನು ಬಾಯಿ ಬಿಡುವ ಮೊದಲೇ ಪಕ್ಕದವಳು "ಸತ್ತೋದ್ರೆ ಚಳಿ ಆಗಲ್ಲ ಕಣೋ" ಅಂದಳು. ದಾಸವಾಳದ ಗಿಡದ ಕೆಳಗೆ ಹೂಳಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಇವತ್ತು ಗುರುವಾರ, ಅಗೆದು ನೋಡೋಣ ಅಂತ ಆರು ಜನ ಹಿಂದೆ ಬಿದ್ದಿದ್ದಾರೆ. ಇದಕ್ಕೇನು ಹೇಳಲಿ?