20 ಸೆಲ್ ಬ್ರೈಲ್ ಡಿಸ್‌ಪ್ಲೇ: ‘ಮನೆ’ ಇರುವಲ್ಲಿ ‘ಚನೆ’, ಇನ್ನೊಂದು ಫೈಲಂತೂ ಪೂರ್ತಿ ಗೋಜಲು [ಪರಿಹಾರವಾಗಿದೆ]

ಬೆರಳೋದು:
ಎಲ್ಲರಿಗೂ ನಮಸ್ಕಾರ. ಎಸ್‌ಡಿ ಕಾರ್ಡ್ ಹಾಕಿ ಓದುವ ಪೈಜೊ ಮಾದರಿಯ 20 ಸೆಲ್ ಡಿಸ್‌ಪ್ಲೇ ಇದೆ, ಅಂದರೆ ಪಿನ್ನುಗಳನ್ನು ಎತ್ತಿ ಒಂದು ಸಲಕ್ಕೆ 20 ಬ್ರೈಲ್ ಅಕ್ಷರದ ಮನೆ (ಸೆಲ್) ಬೆರಳಿಗೆ ಕೊಡುವ ಸಾಧನ. ನಾಲ್ಕು ವರ್ಷ ಹಳೆಯದು. ಬಿಆರ್‌ಎಫ್ (ಬ್ರೈಲ್ ಚುಕ್ಕಿಗಳನ್ನು ಇಂಗ್ಲಿಷ್ ಕೀಲಿಮಣೆಯ ಚಿಹ್ನೆಗಳಾಗಿ ಉಳಿಸುವ ಫೈಲ್) ರೂಪದಲ್ಲಿರುವ ಒಂದು ಕನ್ನಡ ಕಾದಂಬರಿ ಓದುವಾಗ ಅಲ್ಲಲ್ಲಿ ‘ಮ’ ಇರಬೇಕಾದ ಕಡೆ ‘ಚ’, ‘ಲ’ ಇರಬೇಕಾದ ಕಡೆ ‘ಬ’ ಸಿಗುತ್ತಿದೆ. ಎಲ್ಲ ಕಡೆಯೂ ಹೀಗಾಗುವುದಿಲ್ಲ. ಇನ್ನೊಂದು ಕಥಾಸಂಕಲನ ಹಳೆಯ ವರ್ಡ್ ಫೈಲಿನಲ್ಲಿತ್ತು. ಅದನ್ನು ಟೆಕ್ಸ್ಟ್ ಮಾಡಿ ಕಾರ್ಡಿಗೆ ಹಾಕಿದರೆ ಒಂದು ಪದವೂ ಅರ್ಥವಾಗುವುದಿಲ್ಲ. ಇಂಗ್ಲಿಷ್ ಫೈಲುಗಳು ಹೆಚ್ಚುಕಡಿಮೆ ಸರಿಯಾಗಿವೆ. ಸರ್ವಿಸ್‌ನವರು ಡಿಸ್‌ಪ್ಲೇ ಸಾಲನ್ನೇ ಪೂರ್ತಿ ಬದಲಿಸಬೇಕು ಅನ್ನುತ್ತಿದ್ದಾರೆ. ಎರಡಕ್ಕೂ ಕಾರಣ ಒಂದೇನಾ?

ಆರುಚುಕ್ಕಿ:
ಅಲ್ಲ, ಎರಡೂ ಬೇರೆ ಬೇರೆ. ಮೊದಲನೆಯದು ಪಿನ್ನಿನದು, ಎರಡನೆಯದು ಫೈಲಿನದು. ಸಾಲು ಬದಲಿಸಲು ಈಗಲೇ ಒಪ್ಪಬೇಡಿ.

ಸೆಲ್‌ನ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3ನೇ ಚುಕ್ಕಿ, ಬಲಗಡೆ 4, 5, 6. ‘ಮ’ ಅಂದರೆ 1-3-4. ಅದರಲ್ಲಿ 3 ಏಳದಿದ್ದರೆ ಉಳಿಯುವುದು 1-4, ಅಂದರೆ ‘ಚ’. ‘ಲ’ 1-2-3, ಮೂರನೆಯದು ಹೋದರೆ 1-2, ಅದು ‘ಬ’. ‘ಕ’ದಿಂದ 3 ಹೋದರೆ ‘ಅ’, ‘ನ’ದಿಂದ ಹೋದರೆ ‘ದ’, ‘ಸ’ದಿಂದ ಹೋದರೆ ‘ಇ’. ನಿಮ್ಮ ತಪ್ಪುಗಳೆಲ್ಲ 3ನೇ ಚುಕ್ಕಿಗೇ ಬೆರಳು ಮಾಡುತ್ತಿವೆ. ಎಲ್ಲ ಕಡೆ ಆಗದೆ ಅಲ್ಲಲ್ಲಿ ಮಾತ್ರ ಆಗುತ್ತಿದೆ ಅಂದರೆ ಯಾವುದೋ ಒಂದೇ ಸೆಲ್‌ನಲ್ಲಿ ಆ ಪಿನ್ ಏಳುತ್ತಿಲ್ಲ. ಆ ಸೆಲ್ ಯಾವುದು ಅಂತ ಹುಡುಕಬೇಕು.

ನೋಟ್‌ಪ್ಯಾಡ್‌ನಲ್ಲಿ ಹೊಸ ಫೈಲ್ ತೆರೆದು ಮೊದಲ ಸಾಲಿನಲ್ಲಿ 20 ಸಮ ಚಿಹ್ನೆ ಒತ್ತಿ. ಬಿಆರ್‌ಎಫ್‌ನಲ್ಲಿ ಸಮ ಚಿಹ್ನೆ ಎಂದರೆ ಆರೂ ಚುಕ್ಕಿ ಎದ್ದ ತುಂಬಿದ ಸೆಲ್. ಫೈಲನ್ನು ಬಿಆರ್‌ಎಫ್ ಹೆಸರಿನಲ್ಲಿ ಉಳಿಸಿ ಡಿಸ್‌ಪ್ಲೇಯಲ್ಲಿ ತೆರೆಯಿರಿ. ಎಡದಿಂದ ಬಲಕ್ಕೆ ಮೇಲಿನ, ನಡುವಿನ, ಕೆಳಗಿನ ಸಾಲುಗಳನ್ನು ಬೇರೆಬೇರೆಯಾಗಿ ಸವರಿದರೆ ತಗ್ಗು ಎಲ್ಲಿದೆ ಅಂತ ಸಿಕ್ಕಿಬಿಡುತ್ತದೆ. ಒತ್ತಬೇಡಿ, ಹಗುರವಾಗಿ ಸವರಿ.

ಆಮೇಲೆ ಖಚಿತಪಡಿಸಿಕೊಳ್ಳಲು ‘ಕಮಲ’ ಬರೆಯಿರಿ. ಬಿಆರ್‌ಎಫ್‌ನಲ್ಲಿ ಅದು ಇಂಗ್ಲಿಷಿನ ಕೆ, ಎಂ, ಎಲ್, ಅಷ್ಟೇ, ಪರಿವರ್ತನೆಯೇ ಬೇಡ. ಮೂರು ಅಕ್ಷರದಲ್ಲೂ 3ನೇ ಚುಕ್ಕಿ ಇದೆ. ಉದಾಹರಣೆಗೆ ತೊಂದರೆ 7ನೇ ಸೆಲ್‌ನಲ್ಲಿದ್ದರೆ, ಪದಕ್ಕಿಂತ ಮೊದಲು 6 ಅಡ್ಡಗೆರೆ (ಹೈಫನ್) ಹಾಕಿದಾಗ ‘ಅಮಲ’ ಸಿಗುತ್ತದೆ, 5 ಹಾಕಿದಾಗ ‘ಕಚಲ’, 4 ಹಾಕಿದಾಗ ‘ಕಮಬ’. ಪದ ಸರಿದರೂ ತಪ್ಪು ನಿಂತಲ್ಲೇ ನಿಂತರೆ ಪಿನ್. ಪದದ ಜೊತೆಗೇ ತಪ್ಪೂ ಸರಿದರೆ ಫೈಲ್. ಖಾಲಿ ಜಾಗದ ಬದಲು ಅಡ್ಡಗೆರೆ ಹೇಳಿದ್ದಕ್ಕೆ ಕಾರಣವಿದೆ: ಕೆಲವು ಸಾಧನಗಳು ಸಾಲಿನ ಆರಂಭದ ಖಾಲಿ ಜಾಗವನ್ನು ನುಂಗಿಬಿಡುತ್ತವೆ.

ಲಿಪಿಕಾರ:
ಕಥಾಸಂಕಲನದ ಬಗ್ಗೆ ಹೇಳುತ್ತೇನೆ. ಆ ವರ್ಡ್ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ಪರದೆ ಓದುವ ತಂತ್ರಾಂಶ ಎನ್‌ವಿಡಿಎಯಿಂದ ಒಂದೊಂದೇ ಅಕ್ಷರ ಓದಿಸಿ. ‘ಕನ್ನಡ’ ಇರಬೇಕಾದ ಕಡೆ ದೊಡ್ಡ ಪಿ, ಪೌಂಡ್ ಚಿಹ್ನೆ, ಸಣ್ಣ ಕ್ಯೂ ಇಂಥವು ಕೇಳಿಸಿದರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ, ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆ) ಅಲ್ಲ. ಕಣ್ಣಿಗೆ ಮಾತ್ರ ಕನ್ನಡ, ಒಳಗೆಲ್ಲ ಲ್ಯಾಟಿನ್ ಅಕ್ಷರ. ಅಕ್ಷರವನ್ನು ಚುಕ್ಕಿಗೆ ಬದಲಿಸುವ ಯಾವ ಬ್ರೈಲ್ ಟೇಬಲ್ಲಿಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಯೂನಿಕೋಡ್‌ಗೆ ಬದಲಿಸಲು ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ.

ಯೂನಿಕೋಡ್ ಆದ ಮೇಲೂ ಆ ಟೆಕ್ಸ್ಟನ್ನು ನೇರವಾಗಿ ಕಾರ್ಡಿಗೆ ಹಾಕಬೇಡಿ. ಕನ್ನಡ ಟೇಬಲ್ ಇಲ್ಲದ ಸಾಧನ ಅದನ್ನು ಬೈಟ್ ಬೈಟಾಗಿ ಓದುತ್ತದೆ. ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್. ‘ಕನ್ನಡ’ ಬ್ರೈಲ್‌ನಲ್ಲಿ ಬರೀ 5 ಸೆಲ್, ಟೆಕ್ಸ್ಟಿನಲ್ಲಿ 15 ಬೈಟ್. ಆ ಹದಿನೈದೂ ಗೋಜಲಾಗಿ ಬೆರಳಿಗೆ ಬರುತ್ತವೆ.

ಸಾವೊ ಮಾಯ್ ಬ್ರೈಲ್ ಉಚಿತ ತಂತ್ರಾಂಶ, ಲಿಬ್‌ಲೂಯಿಸ್ ಎಂಬ ಬ್ರೈಲ್ ಪರಿವರ್ತಕದ ಟೇಬಲ್ಲುಗಳನ್ನು ಬಳಸುತ್ತದೆ. ಅದರಲ್ಲಿ ಕನ್ನಡ ಟೇಬಲ್ ಆರಿಸಿ, ಸಾಲಿಗೆ 20 ಸೆಲ್ ಅಂತ ಇಟ್ಟು, ಪುಟಸಂಖ್ಯೆ ತೆಗೆದು, ಬಿಆರ್‌ಎಫ್ ಮಾಡಿ. 20 ಮುಖ್ಯ. ಮುದ್ರಣಕ್ಕೆಂದು 40 ಸೆಲ್ ಅಗಲಕ್ಕೆ ಮಾಡಿದ ಫೈಲಿನಲ್ಲಿ ಸಾಲಿನ ಬಾಲವಾಗಿ ಮೂರ್ನಾಲ್ಕು ಸೆಲ್ ಮಾತ್ರ ಉಳಿದು, ಪದೇಪದೇ ಪ್ಯಾನ್ ಗುಂಡಿ (ಮುಂದಿನ ಸೆಲ್‌ಗಳಿಗೆ ಸರಿಯುವ ಗುಂಡಿ) ಒತ್ತುತ್ತ ಕೂರಬೇಕಾಗುತ್ತದೆ.

ಆದ ಮೇಲೆ ಬಿಆರ್‌ಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಕನ್ನಡ’ ಪದ ಹುಡುಕಿ. ಕೆ, ಅಟ್ ಚಿಹ್ನೆ, ಎನ್, ಎನ್, ಡಾಲರ್ ಚಿಹ್ನೆ ಸಾಲಾಗಿ ಇದ್ದರೆ ಸರಿ. ಅಟ್ ಚಿಹ್ನೆ ಎಂದರೆ 4ನೇ ಚುಕ್ಕಿ, ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನ ಹಲಂತ (ಸ್ವರ ಇಲ್ಲ ಎನ್ನುವ ಗುರುತು), ಒತ್ತಕ್ಷರಕ್ಕಿಂತ ಮೊದಲೇ ಬರುತ್ತದೆ. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿರಲಿ.

ಬೆರಳೋದು:
ಇಬ್ಬರಿಗೂ ಧನ್ಯವಾದ. 7ನೇ ಸೆಲ್, 3ನೇ ಚುಕ್ಕಿ. ‘ಕಮಲ’ ನೀವು ಹೇಳಿದ ಹಾಗೇ ಅಮಲ, ಕಚಲ, ಕಮಬ ಆಯಿತು. ಸಮ ಚಿಹ್ನೆಯ ಸಾಲಿನಲ್ಲಿ ಆ ಪಿನ್ ಕೆಲವೊಮ್ಮೆ ಅರ್ಧ ಏಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಕಥೆಗಳ ಫೈಲ್ ನುಡಿಯದೇ. ಪಿನ್ನಿಗೆ ಒಂದು ಹನಿ ಮಷಿನ್ ಆಯಿಲ್ ಬಿಡಬಹುದೇ?

ಆರುಚುಕ್ಕಿ:
ದಯವಿಟ್ಟು ಎಣ್ಣೆ ಬೇಡವೇ ಬೇಡ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಅಕ್ಕಪಕ್ಕದ ಪಿನ್ನುಗಳನ್ನೂ ಕೂರಿಸಿಬಿಡುತ್ತದೆ. ಸೂಜಿ, ಗುಂಡುಪಿನ್ನೂ ಬೇಡ. ಪ್ರತಿ ಪಿನ್ನಿನ ಕೆಳಗೆ ತೆಳುವಾದ ಪೈಜೊ ಪಟ್ಟಿ ಇರುತ್ತದೆ, ಸುಮಾರು 200 ವೋಲ್ಟ್ ಕೊಟ್ಟಾಗ ಬಾಗಿ ಪಿನ್ನನ್ನು ಎತ್ತುತ್ತದೆ. ಸೂಜಿ ತಾಗಿ ಪಟ್ಟಿ ಸೀಳಿದರೆ ಮತ್ತೆ ಕೂಡುವುದಿಲ್ಲ.

ಅರ್ಧ ಏಳುತ್ತಿರುವುದು ಒಳ್ಳೆಯ ಸೂಚನೆ. ಪಟ್ಟಿ ಜೀವಂತವಾಗಿದೆ, ರಂಧ್ರದಲ್ಲಿ ಜಿಡ್ಡು ಕೂತಿದೆ. ಸಾಧನ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಸೆಲ್‌ಗಳು ಕೆಳಮುಖವಾಗುವಂತೆ ಹಿಡಿದು ಒಣಗಿದ ಮೆತ್ತನೆ ಬ್ರಷ್‌ನಿಂದ ಸವರಿ, ಧೂಳು ಕೆಳಗೆ ಉದುರಲಿ. ಗಾಳಿ ಊದಬೇಡಿ, ಧೂಳು ಒಳಗೇ ಹೋಗುತ್ತದೆ. ನಂತರ ನೂಲು ಬಿಡದ ಬಟ್ಟೆಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಹಿಂಡಿ, ಪಸೆ ಮಾತ್ರ ಉಳಿದಿರುವಾಗ 7ನೇ ಸೆಲ್ ಸುತ್ತ ಒರೆಸಿ. ಹನಿ ಬೀಳುವಷ್ಟು ಒದ್ದೆ ಇರಕೂಡದು. ಕೈಗೆ ಹಚ್ಚುವ ಸ್ಯಾನಿಟೈಸರ್ ಅದಕ್ಕೆ ಬದಲಿ ಅಲ್ಲ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಆನ್ ಮಾಡಿ. ಪರೀಕ್ಷೆಯ ಫೈಲಿನಲ್ಲಿ ತುಂಬಿದ ಸಾಲು, ಖಾಲಿ ಸಾಲು ಹೀಗೆ ಒಂದಾದ ಮೇಲೊಂದು 30 ಸಾಲು ಹಾಕಿ ಮೇಲೆ ಕೆಳಗೆ ಓಡಿಸಿ. ಪಿನ್ ಆಡುತ್ತ ಆಡುತ್ತ ಸಡಿಲವಾಗುತ್ತದೆ.

ಎರಡು ಮೂರು ಸಲ ಮಾಡಿದರೂ ಆಗದಿದ್ದರೆ ರಿಪೇರಿಗೆ ಕೊಡಿ, ಆದರೆ “7ನೇ ಸೆಲ್, 3ನೇ ಚುಕ್ಕಿ, ಉಳಿದದ್ದೆಲ್ಲ ಸರಿ” ಅಂತ ಬರೆದೇ ಕೊಡಿ. ಹೆಚ್ಚಿನ ಪೈಜೊ ಡಿಸ್‌ಪ್ಲೇಗಳಲ್ಲಿ ಸೆಲ್ ಒಂದೊಂದಾಗಿ ಕಳಚಿ ಹಾಕಬಹುದು. 20 ಸೆಲ್, ಸೆಲ್‌ಗೆ 8 ಚುಕ್ಕಿ (ಬ್ರೈಲ್‌ನ ಆರರ ಕೆಳಗೆ ಇನ್ನೆರಡು), ಒಟ್ಟು 160 ಪಿನ್. ಒಂದು ಪಿನ್ನಿಗಾಗಿ 160ಕ್ಕೂ ದುಡ್ಡು ತೆರುವುದು ನ್ಯಾಯವಲ್ಲ. ಒಂದು ಸೆಲ್‌ನಿಂದ ಹಿಡಿದು ಸಾಲಿನ ಕೊನೆಯವರೆಗೂ ಎಲ್ಲವೂ ಸತ್ತಿದ್ದರೆ ಮಾತು ಬೇರೆ. ಸೆಲ್‌ಗಳು ಒಂದರಿಂದ ಒಂದಕ್ಕೆ ಮಾಹಿತಿ ದಾಟಿಸುತ್ತವೆ, ನಡುವೆ ತುಂಡಾದರೆ ಮುಂದಿನವಕ್ಕೆ ಏನೂ ತಲುಪುವುದಿಲ್ಲ.

ಕಡಲತಡಿ:
ಆರ್ಬಿಟ್ ರೀಡರ್ 20 ಎಂಬ ಬ್ರೈಲ್ ಡಿಸ್‌ಪ್ಲೇಗೂ ಇದೇ ಕ್ರಮವೇ ಸರ್? ಮಳೆಗಾಲದಲ್ಲಿ ಮಂಗಳೂರಿನ ಕಡೆ ತೇವ ವಿಪರೀತ.

ಆರುಚುಕ್ಕಿ:
ಅದರ ಸೆಲ್ ಪೈಜೊ ಅಲ್ಲ. ಎದ್ದ ಚುಕ್ಕಿ ಅಲ್ಲೇ ಬಿಗಿಯಾಗಿ ನಿಲ್ಲುತ್ತದೆ, ಬದಲಾಗುವಾಗ ಸದ್ದೂ ಬರುತ್ತದೆ, ಅದು ದೋಷವಲ್ಲ. ಅದಕ್ಕೆ ಆಲ್ಕೋಹಾಲ್ ಬಳಸದೆ ಕೈಪಿಡಿಯಲ್ಲಿ ಹೇಳಿದಷ್ಟೇ ಮಾಡಿ. ತೇವಕ್ಕೆ ಎರಡಕ್ಕೂ ಮದ್ದು ಒಂದೇ: ಗಾಳಿಯಾಡದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ತುಂಬಿರಲಿ. ಪೂರ್ತಿ ಖಾಲಿಯಾಗಿ ಕೂತ ಲಿಥಿಯಂ ಬ್ಯಾಟರಿ ಮತ್ತೆ ಚಾರ್ಜೇ ತೆಗೆದುಕೊಳ್ಳದಿರಬಹುದು. ಮೈಕ್ರೊ ಯುಎಸ್‌ಬಿ ಇದ್ದರೆ ಪ್ಲಗ್ಗಿನ ಮೇಲ್ಭಾಗಕ್ಕೆ ಉಬ್ಬು ಸ್ಟಿಕರ್ ಅಂಟಿಸಿ, ತಲೆಕೆಳಗಾಗಿ ಒತ್ತಿ ಒತ್ತಿಯೇ ಆ ಪೋರ್ಟುಗಳು ಹಾಳಾಗುವುದು.

ಬೆರಳೋದು:
ಎರಡನೇ ಸಲ ಒರೆಸಿ ಸಾಲುಗಳನ್ನು ಓಡಿಸಿದ ಮೇಲೆ ಪಿನ್ ಪೂರ್ತಿ ಏಳುತ್ತಿದೆ, ‘ಕಮಲ’ ಎಲ್ಲಿಟ್ಟರೂ ‘ಕಮಲ’ವೇ. ಕಥೆಗಳೂ ಓದಲು ಬರುತ್ತಿವೆ. ಒಂದೇ ಒಂದು ಉಳಿದಿದೆ: ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಎಕ್ಸ್ 200ಸಿ ಅಂತ ಏನೋ ಬರುತ್ತದೆ.

ಲಿಪಿಕಾರ:
ಅದು ಟೈಪ್ ಮಾಡುವಾಗ ಒತ್ತಕ್ಷರ ಆಗದಿರಲೆಂದು ಹಾಕುವ ಅಗಲವಿಲ್ಲದ ಅಕ್ಷರ. ಟೇಬಲ್ಲಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಅದರ ಸಂಖ್ಯೆಯೇ ಹೀಗೆ ಹೊರಬರುತ್ತದೆ. ವರ್ಡ್‌ನ ಹುಡುಕಿ-ಬದಲಿಸಿ ಕಿಟಕಿಯಲ್ಲಿ ಕ್ಯಾರೆಟ್ ಚಿಹ್ನೆ, ಸಣ್ಣ ಯು, 8204 (200ಸಿ ಸಂಖ್ಯೆಯ ದಶಮಾನ ರೂಪ) ಹಾಕಿ, ಬದಲಿಸುವ ಜಾಗ ಖಾಲಿ ಬಿಟ್ಟು ಎಲ್ಲವನ್ನೂ ತೆಗೆಯಿರಿ. ಅಂಥದೇ ಇನ್ನೊಂದು ಅಗಲವಿಲ್ಲದ ಅಕ್ಷರ 8205ಕ್ಕೂ ಹಾಗೇ ಮಾಡಿ. ಅಚ್ಚಿನಲ್ಲಿ ಪದದ ರೂಪ ಕೆಡುತ್ತದೆ, ಹಾಗಾಗಿ ಮೂಲ ಫೈಲ್ ಬೇರೆ ಇಟ್ಟುಕೊಂಡು ಪ್ರತಿಯ ಮೇಲೆ ಮಾಡಿ. ಬ್ರೈಲ್‌ನಲ್ಲಿ ಏನೂ ಕಳೆಯುವುದಿಲ್ಲ, ಎರಡು ಬಗೆಯಲ್ಲೂ ಬರುವುದು ಅವೇ ಚುಕ್ಕಿಗಳು. ಆಮೇಲೆ ಮತ್ತೊಮ್ಮೆ ಬಿಆರ್‌ಎಫ್ ಮಾಡಿ.